ಅಳಿವೆಯ ಬೂದು ಬೆನ್ನುಗಳು

ಹೈದರಾಬಾದಿನಲ್ಲಿ ಕುಕಟಪಲ್ಲಿ ದಾಟಿ ಪ್ರಗತಿನಗರದ ದಾರಿ ಹಿಡಿದರೆ, ಬಹುಮಹಡಿ ಕಟ್ಟಡಗಳ ಸಂದಿಯಲ್ಲಿ ಅಲ್ಲೊಂದು ಇಲ್ಲೊಂದು ಹೆಬ್ಬಂಡೆ ಇನ್ನೂ ಉಳಿದುಕೊಂಡಿರುವುದು ಕಾಣುತ್ತದೆ. ಒಂದರ ಮೇಲೊಂದು ಕೂತ, ಮೈಯೆಲ್ಲ ಬಿಸಿಲು ಕುಡಿದ ಕಗ್ಗಲ್ಲು. ಬೇಸಿಗೆಯ ಮಧ್ಯಾಹ್ನ ಅದರ ಪಕ್ಕ ಹಾದರೆ ಮುಖಕ್ಕೆ ಝಳ ಹೊಡೆಯುತ್ತದೆ. ಸಮುದ್ರಮಟ್ಟದಿಂದ 500 ಮೀಟರಿಗೂ ಎತ್ತರದ ಊರಿದು. ಹತ್ತಿರದ ದಾರಿ ಹಿಡಿದು ಪೂರ್ವಕ್ಕೆ ಹೊರಟರೂ ಉಪ್ಪುನೀರಿಗೆ ಕಾಲಿಡಲು ಮುನ್ನೂರು ಕಿಲೋಮೀಟರ್ ಆಸುಪಾಸು ಹೋಗಬೇಕು. ಕಾರವಾರದ ಮೀನುಗಾರನಿಗೆ ಇವತ್ತು ಯಾವ ದಿಕ್ಕಿಗೆ ಹೋದರೆ ಮೀನು ಸಿಕ್ಕೀತು ಎಂದು ಹೇಳುವ ಕಚೇರಿ ಇರುವುದು ಇಲ್ಲಿ.

ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವೆಗಳ ಕೇಂದ್ರ ಎಂಬುದು ಅದರ ಪೂರ್ತಿ ಹೆಸರು. ಅಷ್ಟುದ್ದ ಯಾರೂ ಹೇಳುವುದಿಲ್ಲ, ಎಲ್ಲರಿಗೂ ಅದು ಇನ್‌ಕಾಯ್ಸ್. ಶುರುವಾದದ್ದು 1999ರಲ್ಲಿ. 2004ರ ಡಿಸೆಂಬರಿನ ಸುನಾಮಿ ಬಂದು ಹೋದ ಮೇಲೆ, 2007ರಲ್ಲಿ, ಸುನಾಮಿ ಮುನ್ನೆಚ್ಚರಿಕೆಯ ಕೇಂದ್ರವೂ ಇದರೊಳಗೇ ಕಣ್ಣುಬಿಟ್ಟಿತು. ಚರಿತ್ರೆ ಒಮ್ಮೊಮ್ಮೆ ತಮಾಷೆ ಮಾಡುತ್ತದೆ. ಗೋಲ್ಕೊಂಡದ ಸುಲ್ತಾನರಿಗೆ ಮಚಲಿಪಟ್ಟಣವೆಂಬ ಬಂದರಾದರೂ ಇತ್ತು. ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ರಾಜ್ಯಕ್ಕೆ ಒಂದಡಿ ಕರಾವಳಿಯೂ ಇರಲಿಲ್ಲ. ಸ್ವಾತಂತ್ರ್ಯ ಬರುವ ಹೊತ್ತಿಗೆ ಅವರು ಗೋವೆಯ ಮುರಗಾವ್ ಬಂದರನ್ನಾದರೂ ಪಡೆಯಬಹುದೇ ಎಂದು ಪೋರ್ಚುಗೀಸರ ಜೊತೆ ಮಾತುಕತೆಗೆ ಕೈಹಾಕಿದ್ದರು. ಬಂದರು ದಕ್ಕಲಿಲ್ಲ. ಇವತ್ತು ಹಿಂದೂ ಮಹಾಸಾಗರದ ಸುತ್ತಲಿನ ದೇಶಗಳಿಗೆ ಅಲೆಯ ಎಚ್ಚರಿಕೆ ಹೋಗುವ ಊರುಗಳಲ್ಲಿ ಅವರ ರಾಜಧಾನಿಯೂ ಒಂದು.

ಈ ಕೇಂದ್ರ ಹೊರಡಿಸುವ ಮೀನಿನ ಸೂಚನೆಯನ್ನು ಓದುವುದೇ ಒಂದು ಸೊಗಸು. ಕನ್ನಡದಲ್ಲೂ ಬರುತ್ತದೆ. ಒಂದು ಪಟ್ಟಿ: ಯಾವ ಊರಿನ ದಡದಿಂದ, ಯಾವ ದಿಕ್ಕಿಗೆ, ಎಷ್ಟು ಕಿಲೋಮೀಟರ್, ಅಲ್ಲಿ ನೀರು ಎಷ್ಟು ಆಳ, ಅಕ್ಷಾಂಶ, ರೇಖಾಂಶ. ಕಾರವಾರ, ಹೊನ್ನಾವರ, ಭಟ್ಕಳ, ಮಲ್ಪೆ ಎಂದು ಓದುತ್ತಾ ಹೋದಂತೆ ಕರಾವಳಿಯ ಬಸ್ಸಿನಲ್ಲಿ ಕಂಡಕ್ಟರ್ ಊರು ಕೂಗಿದಂತೆ ಕೇಳುತ್ತದೆ. ಉಪಗ್ರಹ ಮೇಲಿಂದ ಎರಡು ಸಂಗತಿ ನೋಡುತ್ತದೆ. ಒಂದು, ಕಡಲಿನ ಮೇಲ್ಮೈಯ ಬಿಸಿ. ಇನ್ನೊಂದು, ನೀರಿನ ಹಸಿರು, ಅಂದರೆ ಕಣ್ಣಿಗೆ ಕಾಣದ ಸಸ್ಯಗಳ ಬಣ್ಣ. ಬೆಚ್ಚನೆಯ ನೀರೂ ತಣ್ಣನೆಯ ನೀರೂ ಒಂದನ್ನೊಂದು ತಾಗುವ ಗಡಿಯಲ್ಲಿ ಹಸಿರು ಹೆಚ್ಚುತ್ತದೆ, ಹಸಿರಿಗೆ ಸಣ್ಣ ಮೀನು, ಸಣ್ಣದಕ್ಕೆ ದೊಡ್ಡದು. ಮೋಡ ಮುಸುಕಿದ ದಿನ ಉಪಗ್ರಹ ಕುರುಡು, ಪಟ್ಟಿಯೂ ಇಲ್ಲ.

ಪಟ್ಟಿಯಲ್ಲಿ ಆಳದ ಕಾಲಮ್ಮಿನ ಮೇಲೆ ನನ್ನ ಕಣ್ಣು ನಿಲ್ಲುವುದಕ್ಕೆ ಬೇರೆ ಕಾರಣವಿದೆ. ಉಪಗ್ರಹ ಬರುವ ಎಷ್ಟೋ ಸಾವಿರ ವರ್ಷ ಮೊದಲಿನಿಂದಲೂ ಇದೇ ಲೆಕ್ಕ ಹಾಕಿಕೊಂಡು ಬದುಕಿದ ಪ್ರಾಣಿಯೊಂದು ನಮ್ಮ ಕರಾವಳಿಯಲ್ಲಿದೆ. ಅದಕ್ಕೆ ಇಪ್ಪತ್ತು ಇಪ್ಪತ್ತೈದು ಮೀಟರಿಗಿಂತ ಆಳದ ನೀರು ಹಿಡಿಸುವುದಿಲ್ಲ.

ಕಾರವಾರದಲ್ಲಿ ಜನವರಿಯ ಮುಂಜಾವಿಗೆ ಗಾಳಿ ಇರುವುದಿಲ್ಲ. ಕೋಡಿಬಾಗದ ಕಡೆಯಿಂದ ದೋಣಿ ಹೊರಟರೆ ಬಲಕ್ಕೆ ಸದಾಶಿವಗಡದ ಗುಡ್ಡ, ಅದರ ಬುಡದಲ್ಲಿ ಕಾಳಿ. ಡಿಗ್ಗಿಯ ಕಾಡಿನಲ್ಲಿ ಹುಟ್ಟಿ, ಸೂಪಾ, ಕೊಡಸಳ್ಳಿ, ಕದ್ರಾ ಎಂದು ಕಟ್ಟೆಯ ಮೇಲೆ ಕಟ್ಟೆಗೆ ತಲೆಬಾಗಿ, ಕೈಗಾ ಅಣುಸ್ಥಾವರದ ಮಗ್ಗುಲಲ್ಲಿ ಹಾದು ಬಂದ ನದಿ ಇಲ್ಲಿ ಅವಸರವೇ ಇಲ್ಲದೆ ಅಗಲವಾಗುತ್ತದೆ. 2024ರ ಆಗಸ್ಟಿನ ಒಂದು ರಾತ್ರಿ ಕುಸಿದುಬಿದ್ದ ಹಳೆಯ ಸೇತುವೆ ಇದೇ ನದಿಯ ಮೇಲಿನದು. ಅಳಿವೆಯಲ್ಲಿ ನದಿಯ ನೀರೂ ಕಡಲಿನದೂ ಸೇರುವ ಗೆರೆ ಕಣ್ಣಿಗೇ ಕಾಣುತ್ತದೆ: ಇತ್ತ ಚಹಾದ ಬಣ್ಣ, ಅತ್ತ ಪಾಚಿಯ ಬಣ್ಣ, ನಡುವೆ ನೊರೆ, ಕಸ, ತೆಂಗಿನ ಗರಿ. ಆ ಗೆರೆಯ ಮೇಲೆ ಕಡಲಕ್ಕಿಗಳು ಕೂಗುತ್ತಾ ಎರಗುತ್ತಿದ್ದರೆ ಕೆಳಗೆ ಮೀನು ಇದೆಯೆಂದೇ ಅರ್ಥ.

ಎದುರಿಗೆ ದ್ವೀಪಗಳು. ಕೂರ್ಮಗಡ ಹೆಸರಿಗೆ ತಕ್ಕಂತೆ ಬೆನ್ನುಬ್ಬಿಸಿ ಕೂತಿದೆ. ಆಚೆಗೆ ದೇವಗಡ, ಅದರ ನೆತ್ತಿಯ ಮೇಲೆ ಹತ್ತೊಂಬತ್ತನೆಯ ಶತಮಾನದ ದೀಪಸ್ತಂಭ. ಎಡಕ್ಕೆ, ದಕ್ಷಿಣದಲ್ಲಿ, ವಾಸ್ಕೋ ಡ ಗಾಮ 1498ರಲ್ಲಿ ಲಂಗರು ಹಾಕಿದ್ದ ಅಂಜದೀವ್. ಅದು ಲೆಕ್ಕಕ್ಕೆ ಗೋವೆಯದಾದರೂ ಈಗ ನೌಕಾನೆಲೆಯ ಕಲ್ಲಿನ ತಡೆಗೋಡೆ ಅದನ್ನು ಕಾರವಾರದ ನೆಲಕ್ಕೇ ಹೊಲಿದುಬಿಟ್ಟಿದೆ.

ಎಂಜಿನ್ ನಿಲ್ಲಿಸಿದರೆ ಮೊದಲು ಬರುವುದು ಸದ್ದು. ಯಾರೋ ಬೆನ್ನ ಹಿಂದೆ ನಿಂತು ದೀರ್ಘವಾಗಿ ಉಸಿರುಬಿಟ್ಟಂಥ ಸದ್ದು. ತಿರುಗುವಷ್ಟರಲ್ಲಿ ಅಲ್ಲಿ ಬರೀ ನೀರಿನ ಬಳೆ. "ಅಲ್ಲಿ ನೋಡಬೇಡಿ ಸರ್, ಇತ್ಲಾಗೆ ನೋಡಿ, ಮುಂದೆ ಏಳ್ತದೆ" ಎನ್ನುತ್ತಾನೆ ದೋಣಿಯವ. ಏಳುತ್ತದೆ. ಮೊದಲು ಉದ್ದ ಮೂತಿ ಓರೆಯಾಗಿ ನೀರು ಸೀಳಿ ಬರುತ್ತದೆ, ಹಿಂದೆಯೇ ಹಣೆ, ಆಮೇಲೆ ಬೆನ್ನ ಮೇಲೊಂದು ಗೂನು, ಗೂನಿನ ತುದಿಯಲ್ಲಿ ಸಣ್ಣ ರೆಕ್ಕೆ. ಬೂದು ಮೈ, ಅಲ್ಲಲ್ಲಿ ಉಜ್ಜಿ ತೆಗೆದಂತೆ ನಸುಗೆಂಪು. ಬಾಗುತ್ತದೆ, ಬಾಗಿ ಜಾರುತ್ತದೆ. ಟೀವಿಯಲ್ಲಿ ಕಾಣುವ ಡಾಲ್ಫಿನ್ನುಗಳ ಹಾಗೆ ಲಾಗ ಹಾಕುವುದು ಇದರ ಜಾಯಮಾನವಲ್ಲ. ಜೊತೆಗೆ ಇನ್ನೊಂದು, ಮತ್ತೊಂದು. ದೊಡ್ಡದೊಂದರ ಪಕ್ಕೆಗೆ ಅಂಟಿಕೊಂಡು ಮರಿ. ತಾಯಿ ಒಮ್ಮೆ ಉಸಿರಾಡುವಷ್ಟರಲ್ಲಿ ಅದು ಎರಡು ಸಲ ಮೇಲೆ ಬಂದು ಹೋಗಿರುತ್ತದೆ.

ಹಿಂದೂ ಮಹಾಸಾಗರದ ಗೂನುಬೆನ್ನಿನ ಡಾಲ್ಫಿನ್. ವಿಜ್ಞಾನಿಗಳ ಪಾಲಿಗೆ ಸೌಸಾ ಪ್ಲಂಬಿಯಾ. ದಕ್ಷಿಣ ಆಫ್ರಿಕಾದಿಂದ ನಮ್ಮ ತನಕ ದಡದ ಅಂಚಿನಲ್ಲೇ ಹಬ್ಬಿಕೊಂಡ ಜಾತಿ. ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ 'ಅಪಾಯದಲ್ಲಿದೆ' ಎಂಬ ವರ್ಗಕ್ಕೆ ಸೇರಿದೆ. ನಮ್ಮ 1972ರ ವನ್ಯಜೀವಿ ಕಾಯ್ದೆಯಲ್ಲಿ ಹುಲಿಯ ಸಾಲಿನಲ್ಲೇ, ಮೊದಲ ಅನುಸೂಚಿಯಲ್ಲಿ ಇದೆ. ಹುಲಿಗಾದರೂ ಮನುಷ್ಯನಿಂದ ದೂರ ಹೋಗಲು ಕಾಡಿನ ಒಳಗು ಇದೆ. ಇದು ಬದುಕುವ ಪಟ್ಟಿ ದಡದಿಂದ ಕೆಲವೇ ಕಿಲೋಮೀಟರ್ ಅಗಲ. ಬಂದರು, ಬಲೆ, ಊರಿನ ಚರಂಡಿ, ಪ್ರವಾಸಿ ದೋಣಿ, ಜಗತ್ತಿನ ಗದ್ದಲವೆಲ್ಲ ಬಂದು ಬೀಳುವುದೂ ಅದೇ ಪಟ್ಟಿಗೆ. ಹೆರುವುದು ಒಂದೇ ಮರಿ. ಗರ್ಭ ಹತ್ತು ಹನ್ನೆರಡು ತಿಂಗಳು. ಒಂದು ಹೆತ್ತ ಮೇಲೆ ಇನ್ನೊಂದಕ್ಕೆ ಮೂರು ವರ್ಷದಷ್ಟು ಕಾಲ. ಹಾಗಾಗಿ ಬಲೆಗೆ ಒಂದು ಸಿಕ್ಕಿತು ಎನ್ನುವುದು ಸಣ್ಣ ಸುದ್ದಿಯಲ್ಲ.

ಈ ಪ್ರಾಣಿಗೂ ದ್ವೀಪಕ್ಕೂ ಏನು ಸಂಬಂಧ? ಕಡಲ ಸಸ್ತನಿಗಳಿಗಾಗಿ ಕಾಯ್ದ ದ್ವೀಪಗಳು ಜಗತ್ತಿನಲ್ಲಿ ಹಲವು ಇವೆ, ಅವುಗಳಲ್ಲಿ ಬಹಳಷ್ಟು ಸೀಲ್‌ಗಳದ್ದು. ಸೀಲ್ ಈಜುವುದು ನೀರಿನಲ್ಲಾದರೂ ಮರಿ ಹಾಕುವುದು, ಹಾಲೂಡುವುದು, ತುಪ್ಪಳ ಉದುರಿಸುವುದು ನೆಲದ ಮೇಲೆ. ಅಲ್ಲಿ ದ್ವೀಪ ಉಳಿದರೆ ಪ್ರಾಣಿ ಉಳಿಯುತ್ತದೆ. ಉತ್ತರದ ಆನೆಸೀಲ್ ಎಂಬುದನ್ನು ಎಣ್ಣೆಗಾಗಿ ಕೊಂದು ಕೊಂದು, ಹತ್ತೊಂಬತ್ತನೆಯ ಶತಮಾನ ಮುಗಿಯುವಾಗ ಮೆಕ್ಸಿಕೋದ ಗ್ವಾಡಲೂಪೆ ದ್ವೀಪದಲ್ಲಿ ಬೆರಳೆಣಿಕೆಯಷ್ಟು ಉಳಿದಿದ್ದವು. 1922ರಲ್ಲಿ ಮೆಕ್ಸಿಕೋ ಆ ದ್ವೀಪವನ್ನು ರಕ್ಷಿತವೆಂದು ಸಾರಿತು. ಇವತ್ತು ಆ ಸಂತತಿ ಒಂದೂವರೆ ಲಕ್ಷ ದಾಟಿದೆ. ಇಡೀ ಜಾತಿಯನ್ನು ಒಂದು ಕಲ್ಲುಗುಡ್ಡ ಹೆತ್ತು ಕೊಟ್ಟಿತು ಅನ್ನಬಹುದು.

ನಮ್ಮ ಕಡೆ ಸೀಲ್ ಇಲ್ಲ. ಡಾಲ್ಫಿನ್ ನೆಲಕ್ಕೆ ಬಂದರೆ ಸಾಯಲಿಕ್ಕೇ. ಕೂರ್ಮಗಡದ ಬಂಡೆಯಿಂದ ಅದಕ್ಕೆ ಆಗಬೇಕಾದ್ದು ಏನೂ ಇಲ್ಲ. ಬಂಡೆಯ ಸುತ್ತಲಿನ ನೀರು ಬೇಕು: ಅಲೆಯ ಹೊಡೆತ ತಗ್ಗಿದ ಮಗ್ಗುಲು, ಕಲ್ಲಿನ ಸಂದಿಯಲ್ಲಿ ಮೊಟ್ಟೆಯಿಡುವ ಮೀನು, ನದಿ ತಂದು ಸುರಿದ ಮಣ್ಣಿನ ಮೇಲಿನ ಆಳವಿಲ್ಲದ ನೆಲೆ. ನಕ್ಷೆಯಲ್ಲಿ ದ್ವೀಪಕ್ಕೆ ಹಸಿರು ಬಳಿದು, ಸುತ್ತ ನೀಲಿಯನ್ನು ಹಾಗೇ ಬಿಟ್ಟರೆ ಆಮೆಗೂ ಹಕ್ಕಿಗೂ ಉಪಕಾರವಾದೀತು, ಡಾಲ್ಫಿನ್ನಿಗೆ ಇಲ್ಲ. ಕಾಯಬೇಕಾದ್ದು ಇರುವುದೇ ಆ ನೀಲಿಯಲ್ಲಿ. ನೆಲದ ಮೇಲೆ ಕೂತು ಕಾನೂನು ಬರೆಯುವ ನಮಗೆ ಇದು ಸುಲಭಕ್ಕೆ ಕಣ್ಣಿಗೆ ಕಟ್ಟುವುದಿಲ್ಲ.

ಕೂರ್ಮಗಡದ ಮೇಲೆ ನರಸಿಂಹ ದೇವರು. ಪುಷ್ಯ ಹುಣ್ಣಿಮೆಯ ಜಾತ್ರೆಗೆ ಬೈತಖೋಲದ ಬಂದರಿನಿಂದ ಟ್ರಾಲ್ ಬೋಟು, ಪರ್ಸೀನ್ ಬೋಟು ಎಲ್ಲವೂ ಬಾವುಟ, ತೋರಣ ಕಟ್ಟಿಕೊಂಡು ಹೊರಡುತ್ತವೆ. ಬಾಳೆಗೊನೆಯ ಹರಕೆ, ಡೆಕ್ಕಿನ ತುಂಬ ಸೀರೆ ಉಟ್ಟ ಹೆಂಗಸರು, ಸ್ಪೀಕರಿನ ಭಜನೆ. ಆ ದಿನ ಅಳಿವೆಯಲ್ಲಿ ಒಂದೂ ಬೆನ್ನು ಕಾಣುವುದಿಲ್ಲ ಎಂದರೆ ಯಾರು ತಾನೇ ಬೇಸರಪಟ್ಟಾರು? 2019ರ ಜನವರಿಯಲ್ಲಿ ಆ ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು ಮಗುಚಿ ಹದಿನಾರು ಜನ ತೀರಿಕೊಂಡರು. ಅಳಿವೆಯ ಬಾಯಿ ಎಷ್ಟು ಚಂದವೋ ಅಷ್ಟೇ ನಂಬಿಕೆಗೆಟ್ಟದ್ದು. ಮರಳದಿಬ್ಬ ವರ್ಷಕ್ಕೊಂದು ಕಡೆ ಹೊರಳುತ್ತದೆ.

ದಕ್ಷಿಣಕ್ಕೆ ಬಂದರೆ ನೇತ್ರಾಣಿ. ಮುರುಡೇಶ್ವರದ ದಡದಿಂದ ಹತ್ತು ನಾಟಿಕಲ್ ಮೈಲಿ, ಅಂದರೆ ಹತ್ತೊಂಬತ್ತು ಕಿಲೋಮೀಟರಿನ ಸುಮಾರು. ಮೇಲಿಂದ ನೋಡಿದರೆ ಹೃದಯದ ಆಕಾರ ಎಂದು ಈಗಿನ ಪ್ರವಾಸದ ಜಾಹೀರಾತು. ಇಂಗ್ಲಿಷರ ನಕ್ಷೆಗಳಿಗೆ ಅದು ಪಾರಿವಾಳದ ದ್ವೀಪ, ಪಿಜನ್ ಐಲೆಂಡ್. ಮೀನುಗಾರರಿಗೆ ಅದು ದೇವರ ನೆಲ, ಹರಕೆಗೆ ಬಿಟ್ಟ ಆಡುಗಳು ಅಲ್ಲಿ ಕಾಡಾಡುಗಳಾಗಿ ತಿರುಗುತ್ತವೆ. ಹತ್ತಿರ ಹೋದಂತೆ ದಡವೇ ಇಲ್ಲ, ಕಡಿದಾದ ಕಲ್ಲಿನ ಗೋಡೆ ನೇರ ನೀರಿಗೆ ಇಳಿದಿದೆ. ಎತ್ತರದ ಮರಗಳ ಮೇಲೆ ಬಿಳಿಹೊಟ್ಟೆಯ ಕಡಲಹದ್ದಿನ ಗೂಡುಗಳು, ಒಂದೊಂದೂ ಸೌದೆಯ ಹೊರೆಯಷ್ಟು. ಕೆಳಗೆ ನೀರು ಎಷ್ಟು ತಿಳಿ ಎಂದರೆ ದೋಣಿಯ ನೆರಳು ಹವಳದ ಮೇಲೆ ಬಿದ್ದದ್ದು ಕಾಣುತ್ತದೆ. ಇಂಥ ಬಂಡೆಯನ್ನು ನೌಕಾಪಡೆ ಗುಂಡಿನ ಅಭ್ಯಾಸಕ್ಕೆ ಗುರಿಯಾಗಿ ಇಟ್ಟುಕೊಂಡಿತ್ತು. ಹದ್ದು, ಹವಳ ಎಂದು ಜನ ಪ್ರತಿಭಟಿಸಬೇಕಾಯಿತು. ಗೂನುಬೆನ್ನಿನದು ಇಷ್ಟು ದೂರದ ಆಳಕ್ಕೆ ಬರುವ ಪೈಕಿಯಲ್ಲ. ನೇತ್ರಾಣಿಯ ನೀರು ಹೊರಗಡಲಿನವರ ದಾರಿ.

ಆ ಹೊರಗಡಲಿಗೂ ಒಂದು ರಕ್ಷೆಯಿದೆ, ಅದು ಎಷ್ಟು ದೊಡ್ಡದೆಂದರೆ ನಮಗೆ ಕಾಣುವುದೇ ಇಲ್ಲ. ಸೀಷೆಲ್ಸ್ ಎಂಬ ಪುಟ್ಟ ದ್ವೀಪದೇಶದ ಸಲಹೆಯ ಮೇರೆಗೆ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ 1979ರಲ್ಲಿ ಇಡೀ ಹಿಂದೂ ಮಹಾಸಾಗರವನ್ನು, ದಕ್ಷಿಣಕ್ಕೆ 55 ಡಿಗ್ರಿ ಅಕ್ಷಾಂಶದ ತನಕ, ತಿಮಿಂಗಿಲಧಾಮವೆಂದು ಘೋಷಿಸಿತು. ಅಂದರೆ ಕಾರವಾರದ ಸಮುದ್ರದಂಡೆಯಲ್ಲಿ ಚುರುಮುರಿ ತಿನ್ನುತ್ತಾ ಅಲೆಗೆ ಕಾಲು ಒಡ್ಡಿದವನೂ ಒಂದು ರಕ್ಷಿತ ಪ್ರದೇಶಕ್ಕೆ ಕಾಲಿಟ್ಟಂತೆಯೇ. ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. 1960ರ ದಶಕದ ನಡುವಿನಲ್ಲಿ ಸೋವಿಯತ್ ಬೇಟೆಹಡಗುಗಳು ಅರಬ್ಬಿ ಸಮುದ್ರದಲ್ಲಿ 242 ಗೂನು ತಿಮಿಂಗಿಲಗಳನ್ನು ಕದ್ದು ಕೊಂದಿದ್ದವು. ಲೆಕ್ಕ ಹೊರಬಿದ್ದದ್ದು ಆ ದೇಶ ಒಡೆದುಹೋದ ಮೇಲೆ. ಬೇರೆ ಸಾಗರಗಳ ಗೂನು ತಿಮಿಂಗಿಲಗಳು ಚಳಿಯ ಕಡಲಿಗೂ ಬೆಚ್ಚನೆಯ ಕಡಲಿಗೂ ವರ್ಷವಿಡೀ ಓಡಾಡಿಕೊಂಡಿದ್ದರೆ, ಅರಬ್ಬಿಯವು ಇಲ್ಲೇ ಉಂಡು ಇಲ್ಲೇ ಹೆರುವ ಮನೆಮಂದಿ. ಒಮಾನಿನ ಕಡೆ ಈಗ ನೂರಕ್ಕಿಂತ ಕಡಿಮೆ ಇವೆಯೆಂದು ಅಂದಾಜು. 2017ರಲ್ಲಿ ಅಲ್ಲಿ ಬೆನ್ನಿಗೆ ಉಪಗ್ರಹದ ಗುರುತು ಚುಚ್ಚಿದ ಹೆಣ್ಣು ತಿಮಿಂಗಿಲವೊಂದು — ಲುಬಾನ್, ಧೂಪ ಎಂದು ಹೆಸರಿಟ್ಟಿದ್ದರು — ಯಾರ ನಿರೀಕ್ಷೆಯೂ ಇಲ್ಲದೆ ಸಮುದ್ರವನ್ನು ಅಡ್ಡ ದಾಟಿ ಗೋವೆಯ ನೇರಕ್ಕೆ ಬಂದು, ನಮ್ಮ ಕರಾವಳಿಯ ಉದ್ದಕ್ಕೂ ದಕ್ಷಿಣಕ್ಕೆ ಇಳಿದು ಕನ್ಯಾಕುಮಾರಿಯ ತನಕ ಹೋಯಿತು. ಕಾರವಾರದ, ಭಟ್ಕಳದ, ಮಲ್ಪೆಯ ಬೋಟುಗಳು ಆ ಡಿಸೆಂಬರಿನಲ್ಲಿ ಬಲೆ ಬಿಡುತ್ತಿದ್ದಾಗ ಆಚೆ ಎಲ್ಲೋ ಅದು ಹಾದುಹೋಗುತ್ತಿತ್ತು.

ಮಹಾಸಾಗರವನ್ನೇ ಧಾಮ ಎಂದರೆ ಯಾರನ್ನೂ ತಡೆದಂತಾಗುವುದಿಲ್ಲ ಎಂಬುದೂ ನಿಜ. ಆ ಲೆಕ್ಕದಲ್ಲಿ ಹೊನ್ನಾವರದ ಪ್ರಯೋಗ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಅಪ್ಸರಕೊಂಡ-ಮುಗಳಿ, ರಾಜ್ಯದ ಮೊದಲ ಕಡಲ ವನ್ಯಜೀವಿಧಾಮ. ಒಟ್ಟು ಅರವತ್ತು ಚದರ ಕಿಲೋಮೀಟರಿನ ಸುಮಾರು. ಅದರಲ್ಲಿ ಗುಡ್ಡ, ಕಾಡು, ಬಂಡೆ ಎಲ್ಲ ಸೇರಿ ಸಣ್ಣ ಪಾಲು, ಉಳಿದದ್ದು ದಡದಿಂದ ಆರು ಕಿಲೋಮೀಟರ್ ಒಳಗಿನ ತನಕ ಹರಡಿದ ನೀರು. ಕರ್ನಾಟಕದ ಕಡತದಲ್ಲಿ ನೀಲಿಗೆ ಗೆರೆ ಬಿದ್ದದ್ದು ಹೀಗೆ. ಹೊನ್ನಾವರದ್ದೇ ಕಾಸರಕೋಡು ಟೊಂಕದ ಮರಳಲ್ಲಿ ಕಡಲಾಮೆ ಮೊಟ್ಟೆಯಿಡುತ್ತದೆ, ಅದೇ ಮರಳಲ್ಲಿ ಮೀನು ಒಣಗುತ್ತದೆ, ಅದೇ ಮರಳಲ್ಲಿ ಖಾಸಗಿ ಬಂದರಿನ ವಿರುದ್ಧ ಮೀನುಗಾರ ಹೆಂಗಸರು ವರ್ಷಗಟ್ಟಲೆ ಕೂತು ಕೂಗಿದ್ದಾರೆ. ಧಾಮ ಎಂದ ಕೂಡಲೇ ಆ ಹೆಂಗಸರಿಗೆ ದಿಗಿಲಾಗುವುದು ಸಹಜ, ನಾಳೆ ನಮ್ಮ ಬಲೆಗೂ ಬೀಗ ಹಾಕುತ್ತಾರಾ ಎಂದು. ಪಾತಿದೋಣಿಯವನನ್ನೂ ಬಂದರು ಕಟ್ಟುವವನನ್ನೂ ಒಂದೇ ಗೆರೆಯ ಆಚೆ ನಿಲ್ಲಿಸಿದರೆ ಡಾಲ್ಫಿನ್ನಿಗೆ ಶತ್ರುಗಳು ಹೆಚ್ಚುತ್ತಾರೆಯೇ ಹೊರತು ಕಮ್ಮಿಯಾಗುವುದಿಲ್ಲ.

ಬಲೆಯ ವಿಚಾರ ಬಂದದ್ದರಿಂದ ಹೇಳಬೇಕು. ಉತ್ತರ ಕನ್ನಡದ ಹಳೆಯ ಬಲೆ ರಂಪಣಿ. ಅರ್ಧ ಊರೇ ಸೇರಿ ದಡಕ್ಕೆ ಎಳೆಯುತ್ತಿದ್ದ, ಹರಿಕಂತ್ರರು, ಖಾರ್ವಿಗಳು, ಗಾಬಿತರು ಹೆಗಲಿಗೆ ಹೆಗಲು ಕೊಡುತ್ತಿದ್ದ ಬಲೆ. ಬಂಗಡೆಯ ಹಿಂಡನ್ನು ದಡದ ಕಡೆ ಅಟ್ಟಿ ತರುವ ಕೆಲಸದಲ್ಲಿ ಡಾಲ್ಫಿನ್ನಿಗೂ ಪಾಲಿತ್ತು. ಅವು ಹೊರಗಿನಿಂದ ತಿನ್ನುತ್ತಿದ್ದವು, ಜನ ಒಳಗಿನಿಂದ ಎಳೆಯುತ್ತಿದ್ದರು. ಎಪ್ಪತ್ತರ ದಶಕದಲ್ಲಿ ಪರ್ಸೀನ್ ಬಂದು ಹಿಂಡನ್ನು ಹೊರಗೇ ಸುತ್ತಿ ಎತ್ತತೊಡಗಿದ ಮೇಲೆ ರಂಪಣಿಯ ಕಾಲ ಇಳಿಯಿತು. ಈಗ ಹೆಚ್ಚು ಹೆದರಿಕೆ ನೀರಿನಲ್ಲಿ ನೆಟ್ಟಗೆ ಇಳಿಬಿಟ್ಟ ನೈಲಾನ್ ಬಲೆಯದು. ಸಿಕ್ಕಿದ ಮೀನು ಕಿತ್ತುಕೊಳ್ಳಲು ಬಂದ ಡಾಲ್ಫಿನ್ ತಾನೇ ಸಿಕ್ಕಿಬಿದ್ದರೆ ಉಸಿರಿಗೆ ಮೇಲೆ ಬರಲಾಗದೆ ಮುಳುಗಿ ಸಾಯುತ್ತದೆ. ಬಲೆಯೂ ಹರಿದಿರುತ್ತದೆ. ಇಬ್ಬರಿಗೂ ನಷ್ಟ. ಈ ನಷ್ಟದ ಲೆಕ್ಕ ಅಮೆರಿಕದವರಿಗೂ ಬೇಕಾಗಿದೆ: ತಮ್ಮ ಮಾರುಕಟ್ಟೆಗೆ ಮೀನು, ಸೀಗಡಿ ಕಳಿಸುವ ದೇಶಗಳಲ್ಲಿ ಬಲೆಗೆ ಬೀಳುವ ಕಡಲ ಸಸ್ತನಿಗಳ ಬಗ್ಗೆ ಕ್ರಮವಿರಬೇಕು ಎಂದು ಅವರು 2016ರಲ್ಲಿ ನಿಯಮ ಮಾಡಿದರು. ಅದರ ನಂತರ ನಮ್ಮ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಹಡಗಿನ ಮೇಲೆ ನಿಂತು ದುರ್ಬೀನು ಹಿಡಿದು ಬೆನ್ನುಗಳನ್ನು ಎಣಿಸುವ ಕೆಲಸಕ್ಕೆ ಹೊಸ ಜೀವ ಬಂತು. ದಯೆ ಮಾಡದ್ದನ್ನು ಸೀಗಡಿಯ ವ್ಯಾಪಾರ ಮಾಡಿಸಿತು. ಇರಲಿ, ಎಣಿಕೆಯಂತೂ ನಡೆಯಿತು.

ಕಾರವಾರದಲ್ಲಿ ಬಲೆ ಬೀಳದ ನೀರೂ ಒಂದಿದೆ. 2005ರಲ್ಲಿ ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿದ ಮೇಲೆ ಅರ್ಗಾ, ಬಿಣಗಾ ಕಡೆಯ ಕಡಲು ನೌಕಾಪಡೆಯದಾಯಿತು. ದಡದ ಊರುಗಳು ಎದ್ದುಹೋದವು, ಪರಿಹಾರದ ಮೊಕದ್ದಮೆಗಳು ಮಕ್ಕಳ ಕಾಲಕ್ಕೂ ಮುಂದುವರಿದವು. ಅಲ್ಲಿಗೆ ಮೀನುಗಾರ ಹೋಗುವಂತಿಲ್ಲ. ಬಲೆಯಿಲ್ಲ ಎಂದ ಮಾತ್ರಕ್ಕೆ ಅದನ್ನು ಆಸರೆ ಎನ್ನಲೂ ಬಾಯಿ ಬರುವುದಿಲ್ಲ. ಕಿವಿಯಿಂದಲೇ ನೋಡುವ, ತಾನು ಮಾಡಿದ ಸದ್ದಿನ ಮರುದನಿಯಲ್ಲಿ ಮೀನನ್ನೂ ಮರಿಯನ್ನೂ ಬಂಡೆಯನ್ನೂ ಗುರುತಿಸುವ ಪ್ರಾಣಿಗೆ ಹಡಗಿನ ಎಂಜಿನ್ನಿನ ಸದ್ದು ನಮಗೆ ಮಂಜು ಕವಿದ ಹಾಗೆ.

ನೀರು ನಿಜವಾಗಿ ಅವುಗಳದಾಗುವುದು ಮಳೆಗಾಲದಲ್ಲಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಂತ್ರದೋಣಿಗಳಿಗೆ ನಿಷೇಧ. ಬೈತಖೋಲದಲ್ಲಿ ಬೋಟುಗಳು ಪಕ್ಕೆಗೆ ಪಕ್ಕೆ ಒತ್ತಿ ಟಾರ್ಪಾಲು ಹೊದ್ದು ಮಲಗುತ್ತವೆ, ದಂಡೆಯಲ್ಲಿ ಬಲೆ ಹೆಣೆಯುವವರು, ಚೀಟಿಯಾಟ, ಒಣಮೀನಿನ ಸಾರಿನ ವಾಸನೆ. ಕಾಳಿ ಕೆಂಪಗೆ ಉಬ್ಬಿ ಕೂರ್ಮಗಡದ ತನಕ ಮಣ್ಣಿನ ನೀರು ಚಾಚುತ್ತದೆ. ಒಂದು ಅಡಿ ಆಳ ಕೂಡ ಕಾಣದ ಆ ಕೆಸರು ಡಾಲ್ಫಿನ್ನಿಗೆ ಕಷ್ಟವೇ ಅಲ್ಲ, ಕಣ್ಣನ್ನು ನಂಬಿದ ಪ್ರಾಣಿಯಲ್ಲವಲ್ಲ ಅದು.

ಆಮೇಲೆ ಸೀಸನ್ನು. ಅಕ್ಟೋಬರಿನಿಂದ ಕಾರವಾರ, ದೇವಬಾಗದ ದಂಡೆಗಳಲ್ಲಿ 'ಡಾಲ್ಫಿನ್ ದರ್ಶನ'ದ ಬೋರ್ಡು, ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟು. ನಿಂತು ನೋಡುವವರೂ ಇದ್ದಾರೆ, ಅಟ್ಟಿಸಿಕೊಂಡು ಹೋಗುವವರೂ ಇದ್ದಾರೆ. ಮೂರು ದೋಣಿ ಮೂರು ಕಡೆಯಿಂದ ಸುತ್ತುವರಿದರೆ ತಾಯಿ ಮುಳುಗಿ ದೂರ ಏಳುತ್ತದೆ, ಮರಿಗೆ ಅಷ್ಟು ಹೊತ್ತು ಉಸಿರು ಹಿಡಿಯಲಾಗುವುದಿಲ್ಲ. ಹೈದರಾಬಾದಿನ ನೋಂದಣಿಯ ಕಾರಿನಿಂದ ಇಳಿದ ಕುಟುಂಬವೊಂದು ದಂಡೆಯಲ್ಲಿ ಚೌಕಾಸಿಗೆ ನಿಂತಿತ್ತು. ಯಜಮಾನರು ದಖನಿಯಲ್ಲಿ ಶುರುಮಾಡಿದರು, ದೋಣಿಯವ ಹಿಂದಿ, ಕೊಂಕಣಿ, ಕನ್ನಡ ಬೆರೆಸಿ ಉತ್ತರ ಕೊಟ್ಟ.

"ಡಾಲ್ಫಿನ್ ಕಾಣಲಿಲ್ಲ ಅಂದರೆ ದುಡ್ಡು ವಾಪಸ್ಸಾ?"

"ಅವು ನನ್ನ ಹತ್ರ ನೌಕರಿಗಿಲ್ಲ ಸಾಹೇಬ್ರೆ. ಎಂಜಿನ್ ಬಂದ್ ಮಾಡಿ ಕೂತ್ಕೊಳ್ಳುವಾ, ಬಂದ್ರೆ ಬಂದ್ವು."

ಪಕ್ಕದ ದೋಣಿಯವ ಇದನ್ನು ಕೇಳಿಸಿಕೊಂಡವನೇ "ಗ್ಯಾರಂಟಿ, ಗ್ಯಾರಂಟಿ" ಎಂದು ಕೈಬೀಸಿದ. ಕುಟುಂಬ ಮಕ್ಕಳು ಮರಿ ಸಮೇತ ಅದನ್ನೇ ಹತ್ತಿತು.